ಉದ್ಯಮಿಗಳ ಹತ್ತಿರ ದತ್ತಿನಿಧಿಯ ಮಾತು ತೆಗೆಯುವಾಗ

ಸಂಸ್ಥೆಯ ದತ್ತಿನಿಧಿಗೆ, ಅಂದರೆ ಅಸಲು ಉಳಿಸಿಕೊಂಡು ಗಳಿಕೆಯಿಂದ ಕೆಲಸ ನಡೆಸುವ ನಿಧಿಗೆ, ಉದ್ಯಮಿಗಳನ್ನು ಕೇಳಲು ಹೊರಟಿದ್ದೀರಾ? ಮೊದಲ ಭೇಟಿಯಲ್ಲೇ ಚೆಕ್ ಕೇಳಬೇಡಿ. ಎಷ್ಟೋ ಜನರ ಆಸ್ತಿ ಕಂಪನಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಕೈಯಲ್ಲಿ ನಗದು ಕಡಿಮೆ. ಉಯಿಲಿನಲ್ಲಿ ಒಂದು ಪಾಲು, ಷೇರು, ಜೀವವಿಮೆ, ಇಂಥ ದಾರಿ ತೋರಿಸಿ.

ಉಯಿಲಿನಲ್ಲಿ ಇಂತಿಷ್ಟು ಮೊತ್ತ ಅನ್ನುವುದಕ್ಕಿಂತ ಶೇಕಡಾ ಇಷ್ಟು ಅಂತ ಬರೆಸುವುದು ವಾಸಿ. ನಾಳೆ ಆಸ್ತಿ ಕುಗ್ಗಿದರೂ ಮನೆಯವರ ಪಾಲನ್ನು ಅದು ನುಂಗುವುದಿಲ್ಲ. ಈ ಮಾತಿಗೆ ಮನೆಯವರೂ ಒಪ್ಪುತ್ತಾರೆ.

ಸುಮ್ನೆ ಭಾವುಕ ಕಥೆ ಹೇಳಿದರೆ ಸಾಲದು. ಅಸಲು ಮುಟ್ಟುತ್ತೀರಾ, ವರ್ಷಕ್ಕೆ ಎಷ್ಟು ಖರ್ಚು ಅಂತ ಕೇಳಿಯೇ ಕೇಳುತ್ತಾರೆ. ನಿಧಿಯ ಶೇ. 4ರಿಂದ 5 ಎಂಬುದು ಬಹಳ ಕಡೆ ಇರುವ ರೂಢಿ. ನಿಮ್ಮದೆಷ್ಟು ಎಂದು ಒಂದೇ ಪುಟದಲ್ಲಿ ಬರೆದು ಕೊಡಿ. ಅವರ ಆಡಿಟರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಅಂದಹಾಗೆ, ನಮ್ಮ ಆಡಳಿತ ಮಂಡಳಿಯವರೇ ತಮ್ಮ ಉಯಿಲಿನಲ್ಲಿ ನಿಧಿಗೆ ಏನೂ ಬರೆದಿಡದಿದ್ದರೆ ಬೇರೆಯವರನ್ನು ಕೇಳಲು ಮುಖ ಎಲ್ಲಿದೆ, ಅಲ್ವಾ?