ಗಟಾರದ ಮಟ್ಟ ಮೊದಲು, ಉಳಿದದ್ದು ಆಮೇಲೆ

ಶಿರಸಿಯಲ್ಲಿ ಮಳೆನೀರು ಓಡುತ್ತದೆ. ಕಾರವಾರದಲ್ಲಿ ಅದು ಕಾಯುತ್ತದೆ. ಈ ಒಂದು ವ್ಯತ್ಯಾಸ ಅರ್ಥ ಆಗಲು ನನಗೆ ಇಡೀ ಒಂದು ಮಳೆಗಾಲ ಬೇಕಾಯಿತು.

ನಾನು ಸಿವಿಲ್ ಇಂಜಿನಿಯರ್. ಮೊದಲ ಕೆಲವು ವರ್ಷ ಘಟ್ಟದ ಮೇಲೆ ಕೆಲಸ ಮಾಡಿದೆ. ಅಲ್ಲಿ ಎಲ್ಲಿ ನೋಡಿದರೂ ಇಳಿಜಾರು. ಗಟಾರ ತೋಡಿದರೆ ಸಾಕು, ನೀರು ತಾನಾಗಿ ಹೋಗುತ್ತದೆ. ಅಲ್ಲಿಯ ಚಿಂತೆ ಏನಿದ್ದರೂ ವೇಗದ್ದು. ಗಟಾರದ ತಳ ಕೊಚ್ಚಿ ಹೋಗುತ್ತದೆ, ಮೋರಿಯ ಬುಡ ಸವೆಯುತ್ತದೆ. ಅದೇ ತಲೆಯಲ್ಲಿ ಇಟ್ಟುಕೊಂಡು ಕರಾವಳಿಗೆ ಇಳಿದೆ. ಮಳೆನೀರು ಗಟಾರ, ಜೊತೆಗೆ ರಸ್ತೆ ಅಗೆಯುವ ಎಲ್ಲ ಕಾಮಗಾರಿ, ಎರಡೂ ನನ್ನ ಹೆಗಲಿಗೆ ಬಂತು. ಇವೆರಡು ಬೇರೆ ಬೇರೆ ಕೆಲಸ ಅಂದುಕೊಂಡಿದ್ದೆ. ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಕಾರವಾರದ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಿಂದೆ ಗುಡ್ಡ, ಮುಂದೆ ಸಮುದ್ರ, ಉತ್ತರಕ್ಕೆ ಕಾಳಿ ನದಿಯ ಅಳಿವೆ. ನಡುವೆ ಒಂದು ಚಪ್ಪಟೆ ಪಟ್ಟಿ. ಊರು ಇರುವುದು ಆ ಪಟ್ಟಿಯ ಮೇಲೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಗುಡ್ಡದ ನೀರು ಕೆಂಪು ಮಣ್ಣು ಹೊತ್ತು ಜೋರಾಗಿ ಇಳಿಯುತ್ತದೆ. ಸಪಾಟು ನೆಲ ಸಿಕ್ಕಿದ ಕೂಡಲೇ ಅದರ ವೇಗ ಸಾಯುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಮುಂದೆ ಹೋಗೋಣ ಅಂದರೆ ಸಮುದ್ರ ಬಾಗಿಲು ಹಾಕಿಕೊಂಡಿರುತ್ತದೆ.

ಕೋಡಿಬಾಗದ ಕಡೆ ಒಂದು ತಗ್ಗಿನ ರಸ್ತೆಯಿಂದ ಮೇಲಿಂದ ಮೇಲೆ ದೂರು ಬರುತ್ತಿತ್ತು. ಎಲ್ಲರೂ ಹೇಳುವ ಕಾರಣ ಒಂದೇ, ಗಟಾರದಲ್ಲಿ ಪ್ಲಾಸ್ಟಿಕ್. ಮೇ ತಿಂಗಳಲ್ಲಿ ನಿಂತು ಹೂಳು ತೆಗೆಸಿದೆ. ತಳ ಕಾಣುವಷ್ಟು ಚೊಕ್ಕ ಆಯಿತು. ಜೂನ್‌ನಲ್ಲಿ ಒಂದು ದಿನ ಜಡಿಮಳೆ ಬಂತು, ನೀರು ನಿಲ್ಲಲೇ ಇಲ್ಲ. ನನಗೆ ಖುಷಿ. ಹತ್ತು ದಿನ ಬಿಟ್ಟು ಅದರ ಅರ್ಧದಷ್ಟೂ ಇಲ್ಲದ ಮಳೆ ಬಂತು. ಮನೆಗಳ ಮೆಟ್ಟಿಲ ತನಕ ನೀರು! ಗಟಾರದಲ್ಲಿ ಕಸ ಇರಲಿಲ್ಲ. ನಾನೇ ಬಗ್ಗಿ ನೋಡಿದೆ.

ಅಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಒಬ್ಬ ಹಿರಿಯರು ಹೇಳಿದರು: "ಸಾಹೇಬರೇ, ಇವತ್ತು ಅಮಾಸೆ. ಭರತಿ ಇಳಿಯೋ ತನಕ ನೀರು ಎಲ್ಲಿಗೆ ಹೋಗತ್ತೆ?"

ಭರತಿ ಅಂದರೆ ಸಮುದ್ರದ ಉಬ್ಬರ, ಅಮಾವಾಸ್ಯೆ, ಹುಣ್ಣಿಮೆಗೆ ಅದು ಜೋರು. ಮೀನುಗಾರರ ಕೇರಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಈ ಸಂಗತಿ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅವತ್ತೇ ಒಂದು ಪುಸ್ತಕ ಶುರು ಮಾಡಿದೆ. ದಿನಾಂಕ, ಮಳೆ ಶುರುವಾದ ಹೊತ್ತು, ಮಳೆಮಾಪಕದ ಅಂಕಿ, ಭರತಿಯ ಹೊತ್ತು, ಎಲ್ಲಿ ಎಷ್ಟು ಇಂಚು ನೀರು. ಮೂಲೆಯ ಅಂಗಡಿಯ ಗೋಡೆ ಮೇಲೆ ಬಣ್ಣದಲ್ಲಿ ಅಳತೆಪಟ್ಟಿ ಬರೆಸಿದೆ. ಅಂಗಡಿಯವರೇ ನೋಡಿ ಫೋನ್ ಮಾಡುತ್ತಿದ್ದರು. ಭರತಿ ದಿನಕ್ಕೆ ಎರಡು ಸಲ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆ ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ ಚಿತ್ರ ಸ್ಪಷ್ಟವಾಗಿತ್ತು. ಹುಣ್ಣಿಮೆ, ಅಮಾವಾಸ್ಯೆಯ ಹಿಂದೆ ಮುಂದೆ ಎರಡು ಮೂರು ದಿನ, ಭರತಿಯ ಹೊತ್ತಿಗೇ ಮಳೆ ಬಿದ್ದರೆ ಮಾತ್ರ ರಸ್ತೆ ಮುಳುಗುತ್ತಿತ್ತು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು, ಯಾಕೆಂದರೆ ಬೇರೆಯವರೂ ಇದನ್ನೇ ಮಾಡುವುದನ್ನು ನೋಡಿದ್ದೇನೆ. ಭರತಿ-ಇಳಿತದ ಪಟ್ಟಿ ತೆಗೆದೆ. ದೊಡ್ಡ ಭರತಿಗೆ ಸುಮಾರು 2 ಮೀಟರ್ ಅಂತಿತ್ತು. ನಮ್ಮ ಸರ್ವೆ ನಕ್ಷೆಯಲ್ಲಿ ಗಟಾರದ ಬಾಯಿಯ ಮಟ್ಟ ನೋಡಿದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಬಾಯಿ ದಿನದ ಬಹುಹೊತ್ತು ನೀರಿನಡಿ ಇರಬೇಕು! ಪಂಪ್‌ಹೌಸ್ ಬೇಕೇ ಬೇಕು ಅಂತ ಅಂದಾಜು ಪಟ್ಟಿ ಬರೆದು ಮೇಲೆ ಕಳಿಸಿದೆ. ಒಬ್ಬ ಹಿರಿಯ ಇಂಜಿನಿಯರ್ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಸೊನ್ನೆ ಯಾವುದು?"

ಭರತಿ ಪಟ್ಟಿಯ ಸೊನ್ನೆ ಇರುವುದು ಸಮುದ್ರ ತೀರಾ ಕೆಳಗೆ ಇಳಿದಾಗಿನ ಮಟ್ಟದ ಹತ್ತಿರ. ಹಡಗಿನವರಿಗೆ ಬೇಕಾದದ್ದು ಅದು. ಸರ್ವೆ ನಕ್ಷೆಯ ಸೊನ್ನೆ ಸಮುದ್ರದ ಸರಾಸರಿ ಮಟ್ಟ. ಈ ಎರಡು ಸೊನ್ನೆಗಳ ನಡುವೆ ನಮ್ಮ ಕಡೆ ಒಂದು ಮೀಟರಿಗೂ ಜಾಸ್ತಿ ಅಂತರ ಇದೆ. ಅದನ್ನು ಕಳೆದು ನೋಡಿದರೆ ಗಟಾರದ ನೀರಿಗೆ ತಡೆ ಇರುವುದು ದೊಡ್ಡ ಭರತಿಯ ಸುಮಾರು ಮೂರು ಗಂಟೆ ಮಾತ್ರ. ಪಂಪ್ ಬೇಡ. ಸಮುದ್ರದ ನೀರು ಒಳಗೆ ಬರದಂತೆ ತಡೆಯುವ ಒಂದು ಬಾಗಿಲು, ಆ ಮೂರು ಗಂಟೆ ಒಳಗಿನ ನೀರು ಕಾಯಲು ಒಂದಿಷ್ಟು ಜಾಗ, ಇಷ್ಟು ಸಾಕು.

ಅಂಥ ಬಾಗಿಲು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕುಮಟಾದ ಅಘನಾಶಿನಿ ದಡದ ಗಜನಿ ಅನ್ನುವ ಉಪ್ಪುನೆಲದ ಗದ್ದೆಗಳಲ್ಲಿ ರೈತರು ಹಲಗೆ ಬಾಗಿಲು ಹಾಕಿ ಉಪ್ಪುನೀರನ್ನು ಹಿಡಿತದಲ್ಲಿಟ್ಟು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತ ಬಂದಿದ್ದಾರೆ. ನಾವು ಹಾಕಿದ್ದು ಮೇಲಂಚಿಗೆ ಕೀಲಿರುವ ಬಾಗಿಲು. ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಸಮುದ್ರ ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ಕೇಳಲು ಸುಲಭ. ಆದರೆ ಒಂದು ತೆಂಗಿನಕಾಯಿ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಚಿಪ್ಪುಗಳು ಅಂಟಿಕೊಂಡು ಅಂಚು ಒರಟಾಗುತ್ತದೆ. ಅದಕ್ಕೆ ಒಳಗಡೆ ಕಸ ಹಿಡಿಯುವ ಜಾಲರಿ ಬೇಕು, ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಬ್ಬರು ಹೋಗಿ ನೋಡಲೇಬೇಕು. ಇದಕ್ಕೆ ಆಳು ಗೊತ್ತುಮಾಡಲು ಆಗದಿದ್ದರೆ ಬಾಗಿಲು ಹಾಕಬೇಡಿ ಅಂತಲೇ ನಾನು ಹೇಳುತ್ತೇನೆ.

ಕಾಯುವ ಜಾಗದ ಲೆಕ್ಕ ಹೇಳುತ್ತೇನೆ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ 10,000 ಲೀಟರ್. ಆ ಗಟಾರಕ್ಕೆ ನೀರು ಬರುವ ಜಾಗ 12 ಹೆಕ್ಟೇರ್ ಇತ್ತು. ನಾಲ್ಕರಲ್ಲಿ ಮೂರು ಪಾಲು ಹರಿದು ಬರುತ್ತದೆ ಅಂತ ಹಿಡಿದೆ. ಗಂಟೆಗೆ 60 ಮಿಲಿಮೀಟರ್ ಮಳೆ ಸುರಿದರೆ ಸೆಕೆಂಡಿಗೆ 1,500 ಲೀಟರ್. ಗಟಾರದ ಅಗಲ, ಆಳ ಇದರ ಮೇಲೆ ನಿರ್ಧಾರ ಆಗುತ್ತದೆ. ಇನ್ನು ಬಾಗಿಲು ಮುಚ್ಚಿದ ಮೂರು ಗಂಟೆ ಗಂಟೆಗೆ 10 ಮಿಲಿಮೀಟರ್‌ನಂತೆ ಸುರಿದರೆ ಒಟ್ಟು 2,700 ಘನ ಮೀಟರ್ ನೀರು. 800 ಮೀಟರ್ ಉದ್ದ, 1.2 ಮೀಟರ್ ಅಗಲ, 1 ಮೀಟರ್ ಆಳದ ಗಟಾರ ತುಂಬಿದರೂ ಹಿಡಿಯುವುದು 960. ಉಳಿದದ್ದಕ್ಕೆ ಹತ್ತಿರದಲ್ಲಿ ಒಂದು ತಗ್ಗು ಬಯಲಿತ್ತು. ಅದನ್ನು ಮಣ್ಣು ತುಂಬಿ ಸಮ ಮಾಡಬೇಕು ಅನ್ನುವ ಒತ್ತಾಯ ಬಹಳ ಇತ್ತು. ನಾನು ಒಪ್ಪಲಿಲ್ಲ. ಆ ತಗ್ಗು ಖಾಲಿ ಜಾಗ ಅಲ್ಲ, ಅದು ಗಟಾರದ ಒಂದು ಭಾಗ. ಪ್ರತಿ ಸಭೆಯಲ್ಲೂ ಇದೇ ಮಾತು ಹೇಳಿದೆ. ಬೇಸಿಗೆಯಲ್ಲಿ ಮಕ್ಕಳು ಅಲ್ಲಿ ಕ್ರಿಕೆಟ್ ಆಡುತ್ತಾರೆ, ಆಡಲಿ.

ರಸ್ತೆ ಅಗೆಯುವ ಕೆಲಸ ಇದಕ್ಕೆ ಜೋಡಿಕೊಳ್ಳುವುದು ಇಲ್ಲಿಂದ. 800 ಮೀಟರ್ ಉದ್ದಕ್ಕೆ ಸಾವಿರಕ್ಕೆ ಒಂದರ ಇಳಿಜಾರು ಕೊಟ್ಟರೆ ಸಿಗುವ ಇಳಿತ ಬರೀ 80 ಸೆಂಟಿಮೀಟರ್. ಚಪ್ಪಟೆ ಊರಿನಲ್ಲಿ ಅಷ್ಟೇ ನಮ್ಮ ಬಂಡವಾಳ. ನೀರು ಸೆಕೆಂಡಿಗೆ 0.6 ಮೀಟರ್‌ಗಿಂತ ನಿಧಾನವಾದರೆ ಹೂಳು ಕೂರುತ್ತದೆ. ನಡುವೆ ಎಲ್ಲೋ ಒಂದು ನೀರಿನ ಪೈಪು ಅಡ್ಡ ಬಂತು ಅಂತ ಗಟಾರದ ತಳ 10 ಸೆಂಟಿಮೀಟರ್ ಎತ್ತರಿಸಿದರೆ ಅದರ ಹಿಂದಿನ 100 ಮೀಟರ್ ಸತ್ತ ಹಾಗೆ. ಕುಡಿಯುವ ನೀರಿನ ಪೈಪಿನಲ್ಲಿ ಒತ್ತಡ ಇರುತ್ತದೆ, ಅದು ಹತ್ತಿ ಇಳಿದು ಹೋಗಬಲ್ಲದು. ಕೇಬಲ್ ಬಾಗುತ್ತದೆ. ಗಟಾರ ಬಾಗುವುದಿಲ್ಲ. ಆದ್ದರಿಂದ ರಸ್ತೆಯಲ್ಲಿ ಮೊದಲು ಗಟಾರದ ಮಟ್ಟ, ಅದೂ ಸಮುದ್ರದ ಬಾಯಿಯಿಂದ ಶುರುಮಾಡಿ ಗುಡ್ಡದ ಕಡೆಗೆ. ಉಳಿದವರೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ನನ್ನ ಇಡೀ ಕೆಲಸ ಈ ಒಂದು ಮಾತಿನ ಮೇಲೆ ನಿಂತಿತ್ತು.

ಇದನ್ನು ಕಲಿಸಿದ್ದು ಒಂದು ಕೇಬಲ್. ಒಂದು ವರ್ಷ ಹೊಸ ಗಟಾರ ಮುಗಿಸಿ, ಮೇಲೆ ಹಲಗೆಕಲ್ಲು ಮುಚ್ಚಿ ಆಗಿತ್ತು. ಅದಾದ ಮೇಲೆ ಒಂದು ಗುತ್ತಿಗೆದಾರ ತಂಡ ರಸ್ತೆ ಅಗೆಯದೆ ನೆಲದೊಳಗೆ ಅಡ್ಡ ಕೊರೆದು ಕೇಬಲ್ ಎಳೆಯಿತು. ಮೇಲೆ ಏನೂ ಗೊತ್ತಾಗಲಿಲ್ಲ. ಮಳೆಯಲ್ಲಿ ನೀರು ನಿಂತಾಗ ಹಲಗೆ ಎತ್ತಿಸಿ ನೋಡಿದರೆ ಕೇಬಲ್ ಕೊಳವೆ ಗಟಾರದ ಗೋಡೆ ತೂತು ಮಾಡಿ ನಟ್ಟನಡುವೆ ಹಾದುಹೋಗಿತ್ತು. ಅದಕ್ಕೆ ಚೀಲ, ಹುಲ್ಲು, ಹಳೇ ಬಟ್ಟೆ ಎಲ್ಲ ಸುತ್ತಿಕೊಂಡು ಒಂದು ಅಣೆಕಟ್ಟೇ ಆಗಿತ್ತು. ಹುಡುಕುತ್ತ ಹೋದರೆ ಅದೇ ರಸ್ತೆಯಲ್ಲಿ ಇನ್ನೂ ಎರಡು ಕಡೆ. ಅವತ್ತು ನನಗೆ ನಿಜವಾಗಿ ಬಹಳ ನೋವಾಯಿತು. ಆ ಮನೆಗಳವರಿಗೆ ಈ ಸಲ ನೀರು ಬರುವುದಿಲ್ಲ ಅಂತ ನಾನು ಮಾತು ಕೊಟ್ಟಿದ್ದೆ.

ಅಲ್ಲಿಂದ ಪದ್ಧತಿ ಬದಲಾಯಿಸಿದೆ. ಮಳೆ ಹಿಂದೆ ಸರಿದ ಕೂಡಲೇ, ಅಕ್ಟೋಬರ್‌ನಲ್ಲಿ, ಆ ವರ್ಷ ಯಾವ ಯಾವ ರಸ್ತೆ ತೆರೆಯುತ್ತೇವೆ ಅಂತ ಪಟ್ಟಿ ಹಾಕುವುದು. ಆಮೇಲೆ ಕುಡಿಯುವ ನೀರಿನವರು, ಒಳಚರಂಡಿಯವರು, ಹೆಸ್ಕಾಂನವರು, ದೂರವಾಣಿ ಕಂಪನಿಗಳವರು ಎಲ್ಲರನ್ನೂ ಸೇರಿಸಿ ಆ ರಸ್ತೆಯ ಮೇಲೇ ನಡೆಯುವುದು. ಸಭಾಂಗಣದಲ್ಲಿ ಕೂತು ಮಾತಾಡಿದರೆ ಎಲ್ಲರೂ ಹೂಂ ಅನ್ನುತ್ತಾರೆ. ರಸ್ತೆಯಲ್ಲಿ ನಿಂತಾಗ ಮಾತ್ರ "ನಮ್ಮ ವಾಲ್ವ್ ಇಲ್ಲೇ ಎಲ್ಲೋ ಇರಬೇಕು" ಅನ್ನುವ ಮಾತು ಹೊರಗೆ ಬರುತ್ತದೆ. ಆ "ಎಲ್ಲೋ" ಇದೆಯಲ್ಲ, ಅದನ್ನು ಹುಡುಕುವುದೇ ನಿಜವಾದ ಸರ್ವೆ. ಸುಮಾರು 30 ಮೀಟರಿಗೊಂದು ಗುಂಡಿಯನ್ನು ಕೈಯಲ್ಲೇ ಅಗೆಸಿದೆ, ಜೆಸಿಬಿ ಮುಟ್ಟಿಸದೆ. ಸಿಕ್ಕಿದ ಪ್ರತಿ ಪೈಪಿನ ಆಳ ಬರೆದುಕೊಂಡೆವು, ರಸ್ತೆ ಮೇಲೆ ಬಣ್ಣದಲ್ಲಿ ಗುರುತು ಹಾಕಿದೆವು. ಈಗ ಅಗೆಯುವ ಮೊದಲು ತಿಳಿಸಲು ಕೇಂದ್ರ ಸರ್ಕಾರದ 'ಕಾಲ್ ಬಿಫೋರ್ ಯೂ ಡಿಗ್' ಆ್ಯಪ್ ಇದೆ, 2023ರ ಮಾರ್ಚ್‌ನಲ್ಲಿ ಬಂತು. ಬಳಸಿ. ಆದರೆ ಗುಂಡಿ ತೆಗೆಯುವುದನ್ನು ಬಿಡಬೇಡಿ.

ಇನ್ನೊಂದು ದೊಡ್ಡ ನಕ್ಷೆ ಪೌರಕಾರ್ಮಿಕರ ತಲೆಯಲ್ಲಿ ಇರುತ್ತದೆ. ಇಪ್ಪತ್ತು ವರ್ಷದಿಂದ ಆ ಬೀದಿ ಗುಡಿಸಿದವರಿಗೆ ಯಾವ ಹಲಗೆಯ ಕೆಳಗೆ ಹಳೇ ಚಿರೆಕಲ್ಲಿನ ಮೋರಿ ಇದೆ, ಯಾವ ಮನೆಯ ಬಚ್ಚಲು ನೀರು ಗುಟ್ಟಾಗಿ ಮಳೆಗಟಾರಕ್ಕೆ ಸೇರಿದೆ ಅಂತ ಎಲ್ಲ ಗೊತ್ತು. ಅವರನ್ನು ಕೇಳದೆ ನಕ್ಷೆ ಬರೆಯಬೇಡಿ. ಅವರನ್ನು ಗುಂಡಿಗೆ ಇಳಿಸಲೂ ಬೇಡಿ. ಮುಚ್ಚಿದ ಗಟಾರದಲ್ಲಿ, ಚೇಂಬರಿನಲ್ಲಿ ವಿಷಗಾಳಿ ಇರುತ್ತದೆ. ಹೊಲಸು ನೀರು ಸೇರಿದ ಕಡೆಯಂತೂ ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಇರುವುದೇ ಇದನ್ನು ತಡೆಯಲು. ಯಂತ್ರ ಬರಲಿಲ್ಲ ಅಂದರೆ ಕೆಲಸ ನಿಲ್ಲಲಿ.

ಕೆಲಸ ಶುರುವಾದ ಮೇಲೆ ಕ್ರಮ ಒಂದೇ, ಆಳದ್ದು ಮೊದಲು. ಒಳಚರಂಡಿ, ಆಮೇಲೆ ಮಳೆಗಟಾರ, ಆಮೇಲೆ ಕುಡಿಯುವ ನೀರು, ಕೊನೆಗೆ ಕೇಬಲ್. ಕಡಲ ಹತ್ತಿರ ಸ್ವಲ್ಪ ಅಗೆದರೂ ನೀರು ಉಕ್ಕುತ್ತದೆ, ಮರಳಿನ ಗೋಡೆ ಜಾರುತ್ತದೆ. ಪಕ್ಕಕ್ಕೆ ಹಲಗೆ ಕೊಟ್ಟು ಆನಿಸದೆ ಆಳು ಇಳಿಯಬಾರದು. ಬೆಳಿಗ್ಗೆ ತೆರೆದದ್ದನ್ನು ಸಂಜೆ ಮುಚ್ಚಲು ಆಗುವಷ್ಟೇ ಉದ್ದ ತೆರೆಯಬೇಕು. ರವಿವಾರ ಸಂತೆ, ಅವತ್ತು ಪೇಟೆಯ ಕಡೆ ಗುದ್ದಲಿ ಮುಟ್ಟುತ್ತಿರಲಿಲ್ಲ. ಅಂಗಡಿಯವರ ಬಾಗಿಲಿಗೆ ಹಲಗೆ ಹಾಕಿಕೊಡುವ ಕೆಲಸಕ್ಕೇ ಒಬ್ಬನನ್ನು ಇಟ್ಟಿದ್ದೆ. ಆ ಒಬ್ಬನಿಂದ ಎಷ್ಟು ಜಗಳ ತಪ್ಪಿತು ಅಂದರೆ ಲೆಕ್ಕ ಇಲ್ಲ.

ಮುಚ್ಚುವ ಕೆಲಸ ಅಗೆಯುವುದಕ್ಕಿಂತ ದೊಡ್ಡದು. ಒಂದೇ ಸಲ ಮಣ್ಣು ಸುರಿದು ಮೇಲೆ ಲಾರಿ ಓಡಿಸಿದರೆ ಗಟ್ಟಿ ಆಗುವುದಿಲ್ಲ. 15-20 ಸೆಂಟಿಮೀಟರ್ ಪದರ ಹಾಕಿ, ಒಂದೊಂದನ್ನೂ ದಮ್ಮಸ್ಸು ಮಾಡಬೇಕು. ನಾನು ಗುತ್ತಿಗೆದಾರರಿಗೆ ಹೇಳುತ್ತಿದ್ದೆ, ಈಗ ತಾತ್ಕಾಲಿಕ ಮೇಲ್ಪದರ ಹಾಕಿ, ಒಂದು ಮಳೆಗಾಲ ಹೋಗಲಿ, ಕುಸಿಯುವುದು ಕುಸಿಯಲಿ, ಕಾಂಕ್ರೀಟ್ ಆಮೇಲೆ. ಅಲ್ಲಿಯ ತನಕ ಠೇವಣಿ ವಾಪಸ್ ಕೊಡುತ್ತಿರಲಿಲ್ಲ. ಇದರಿಂದ ಬೈಗುಳ ಜಾಸ್ತಿ ಸಿಕ್ಕಿತು. ಆದರೆ ಹೀಗೆ ಮಾಡಿದ ರಸ್ತೆಗಳು ಮತ್ತೆ ಕುಸಿಯಲಿಲ್ಲ. ಕಾಂಕ್ರೀಟ್ ಹಾಕುವ ಮೊದಲು ರಸ್ತೆಯ ಅಡ್ಡಕ್ಕೆ ಅಲ್ಲಲ್ಲಿ ಖಾಲಿ ಕೊಳವೆ ಹೂತು ಬಿಟ್ಟೆವು, ನಾಳೆ ಯಾರಿಗಾದರೂ ಹೊಸ ನಲ್ಲಿ, ಹೊಸ ಕೇಬಲ್ ಬೇಕಾದರೆ ರಸ್ತೆ ಒಡೆಯದೆ ಎಳೆಯಲಿ ಅಂತ. ಮುಚ್ಚುವ ಮೊದಲು ಪೈಪು, ಕೇಬಲ್ ಗಟಾರ ದಾಟುವ ಪ್ರತಿ ಕಡೆಯ ಫೋಟೋ, ಪಕ್ಕದಲ್ಲಿ ಟೇಪು ಹಿಡಿದು. ಆ ಫೋಟೋ ಇಲ್ಲದ ಬಿಲ್ಲಿಗೆ ಸಹಿ ಹಾಕಲಿಲ್ಲ.

ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಒಡೆಯುತ್ತದೆ. ಕರಾವಳಿಯ ಕಾಂಕ್ರೀಟಿಗೆ ಕನಿಷ್ಠ ಎಂ30 ಅನ್ನುವ ಗಟ್ಟಿತನದ ದರ್ಜೆ, ಒಳಗಿನ ಕಬ್ಬಿಣದ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಗಟಾರ ಮುಚ್ಚುವ ಹಲಗೆ ತೆಳ್ಳಗೆ ಮಾಡಿ ದುಡ್ಡು ಉಳಿಸಲು ಹೋಗಬೇಡಿ.

ಗುಡ್ಡದ ಬುಡದಲ್ಲಿ ಹೂಳುಗುಂಡಿ ಕಟ್ಟಿಸಿದ್ದು ಬಹಳ ಉಪಯೋಗಕ್ಕೆ ಬಂತು. ಮನೆ ಕಟ್ಟಲು ಗುಡ್ಡ ಕಡಿದಷ್ಟೂ ಕೆಂಪು ಮಣ್ಣು ಇಳಿಯುತ್ತದೆ. ಅದು ಊರೊಳಗಿನ 800 ಮೀಟರ್ ಉದ್ದಕ್ಕೂ ಹರಡುವ ಬದಲು ಜೆಸಿಬಿ ಹೋಗಬಲ್ಲ ಒಂದೇ ಕಡೆ ಕೂತರೆ ತೆಗೆಯುವುದು ಎಷ್ಟೋ ಸುಲಭ.

ಇನ್ನು ಮರಳು. ಬೇಸಿಗೆಯಲ್ಲಿ ಅಲೆಗಳು ನಾಲೆಯ ಬಾಯಿಗೆ ಮರಳಿನ ದಿಬ್ಬ ಕಟ್ಟುತ್ತವೆ. ಮೇ ಕೊನೆಯಲ್ಲಿ ಅದನ್ನು ಕಡಿದು ದಾರಿ ಮಾಡಬೇಕು. ತೀರಾ ಬೇಗ ಕಡಿದರೆ ಮತ್ತೆ ಮುಚ್ಚುತ್ತದೆ, ತಡ ಮಾಡಿದರೆ ಮೊದಲ ಮಳೆಯೇ ಊರೊಳಗೆ ನಿಲ್ಲುತ್ತದೆ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳು ದಡ ಸೇರುತ್ತವೆ ಅಲ್ವಾ, ನನ್ನ ಲೆಕ್ಕಕ್ಕೆ ಅದೇ ಗಡುವು. ಅಷ್ಟರೊಳಗೆ ಬಾಯಿ ತೆರೆದಿರಬೇಕು. ದೊಡ್ಡ ಅಲೆ ಎದ್ದ ಪ್ರತಿ ಸಲ ಮತ್ತೆ ಹೋಗಿ ನೋಡಬೇಕು.

ನಾನು ವರ್ಗವಾಗಿ ಹೊರಡುವಾಗ ನನ್ನ ಜಾಗಕ್ಕೆ ಬಂದವರನ್ನು ಕರೆದುಕೊಂಡು ಸಮುದ್ರದ ಬಾಯಿಯಿಂದ ಗುಡ್ಡದ ತನಕ ಗಟಾರದ ಗುಂಟ ನಡೆದೆ. ಭರತಿಯ ಪುಸ್ತಕ, ಫೋಟೋಗಳ ಪೆಟ್ಟಿಗೆ, ಜಾಲರಿಯ ಬೀಗದ ಕೀಲಿ ಕೊಟ್ಟೆ. ಬಾಗಿಲಿನ ಕೀಲುಗಳಿಗೆ ಗ್ರೀಸ್ ಹಚ್ಚುವುದು ಹೇಗೆ ಅಂತ ತೋರಿಸಿದೆ. ಅವರು ಪುಸ್ತಕ ತಿರುವಿ ನೋಡಿ ಮೊದಲು ಕೇಳಿದ್ದು, "ಜುಲೈನಲ್ಲಿ ಅಮಾವಾಸ್ಯೆ ಯಾವತ್ತು?" ಅಂತ. ಅಂಗಡಿಯ ಗೋಡೆಯ ಅಳತೆಪಟ್ಟಿಯ ಬಣ್ಣ ಮಾಸಿತ್ತು. ಅದನ್ನು ಅವತ್ತೇ ಇಬ್ಬರೂ ನಿಂತು ಹೊಸದಾಗಿ ಬರೆಸಿದೆವು.