ವ್ಯಾನ್‌ನ್ಯಾಗ ಒಂದ್ ವರ್ಷ ಇರೋದು ಹೆಂಗ: ಮೊದ್ಲ ಮಳಿ ನೋಡ್ರಿ, ಬೆಡ್ ಆಮ್ಯಾಲ

ನಾನು ಬೆಳಗಾವಿಯಾಂವ, ಕೆಲಸ ಪುಣೆದ್ದು, ಲ್ಯಾಪ್‌ಟಾಪ್ ಮ್ಯಾಲೇ ನಡೀತೈತಿ ಅಂತ ಹೇಳಿ ಒಂದ್ ವರ್ಷ ಬಾಡಿಗಿ ಮನಿ ಬಿಟ್ಟು ಮಾರುತಿ ಈಕೋ ವ್ಯಾನ್‌ನ್ಯಾಗ ಇದ್ದೆ. ಕೇಳೋರು ಎಲ್ಲಾರೂ ಬೆಡ್ ಹೆಂಗ ಮಾಡ್ಸಿದಿ ಅಂತನ ಕೇಳ್ತಾರ. ಆದ್ರ ನಿಮ್ಮ ವರ್ಷಾನ ಬೆಡ್ಡು ನಡಸಂಗಿಲ್ಲ, ಮಳಿ ನಡಸ್ತೈತಿ. ಪುಣೆಗೆ ವರ್ಷಕ್ಕ ಸುಮಾರು 700 ಮಿಲಿಮೀಟರ್ ಮಳಿ, ಪಣಜಿಗೆ 3000ದ ಹತ್ರ. ನಡುವ ಇರೋದು ಘಟ್ಟ ಒಂದ.

ನಾ ಇದನ್ನ ತಿಳೀದ ಜೂನ್‌ದಾಗ ದಕ್ಷಿಣ ಗೋವಾದ ಕಾಣಕೋಣದ ಕಡೆ ಕುಂತಿದ್ದೆ, ಸಮುದ್ರ ಕಾಣ್ತೈತಿ, ಮಳಿ ಬರ್ತೈತಿ, ಏನ್ ಮಜಾ ಅಂತ. ಹತ್ತ ದಿನಕ್ಕ ಗಾದಿ ತಳಗ ಬೂಷ್ಟ್ ಹಿಡೀತು, ಬೆಲ್ಟಿಗೂ ಹಿಡೀತು, ಕಡೀಕ ಒಣಗಿದ ಬನಿಯನ್ ಒಂದೂ ಇಲ್ಲದಂಗಾತು. ಹಂಗಾಗಿ ಲೆಕ್ಕ ಹಿಂಗ ಇಟ್ಕೋರಿ: ನವೆಂಬರ್‌ನಿಂದ ಫೆಬ್ರವರಿತನ ದಕ್ಷಿಣ ಗೋವಾ, ಬಿಸಿಲು ಏರಿದ ಮ್ಯಾಲ ಮಹಾಬಳೇಶ್ವರ, ಪಂಚಗಣಿ ಕಡೆ (1300 ಮೀಟರ್ ಎತ್ತರ ಅಂದ್ರ ರಾತ್ರಿ ಫ್ಯಾನ್ ಇಲ್ಲದ ನಿದ್ದಿ), ಜೂನ್ ಬಂತಂದ್ರ ಪುಣೆಯಿಂದ ಪೂರ್ವಕ್ಕ ಸರೀರಿ. ಡಿಸೆಂಬರ್ ಕಡೀ ವಾರ ಮಾತ್ರ ಗೋವಾದಾಗ ಇರಬ್ಯಾಡ್ರಿ, ಗಾಡಿ ನಿಲ್ಸಾಕ ಜಾಗಾ ಸಿಗಂಗಿಲ್ಲ, ಸಿಕ್ರೂ ರೇಟ್ ಕೇಳಿದ್ರ ತಲಿ ತಿರಗ್ತೈತಿ.

ಇನ್ನ ಬೆಡ್. ಸೀಟ್ ಕಿತ್ತ ಒಗದು ಪ್ಲೈವುಡ್ ಬಡಿಬ್ಯಾಡ್ರಿ. ಆರ್‌ಸಿ ಬುಕ್ಕಿನ್ಯಾಗ ಎಷ್ಟ ಸೀಟು ಅಂತ ಬರದಿರ್ತೈತಿ, ಅದಕ್ಕ ಹೊಂದದಂಗ ಗಾಡಿ ಬದಲಿ ಮಾಡಿದ್ರ ಆರ್‌ಟಿಓ ಪರ್ಮಿಷನ್ ಬೇಕು. ನಾ ಹಿಂದಿನ ಸೀಟ್ ಮಡಚಿ ಅದರ ಮ್ಯಾಲ ಬರೋ ಹಂಗ ಮೂರ್ ತುಂಡಿನ ಹಲಗಿ ಮಾಡಿಸ್ದೆ, ಬೇಕಾದಾಗ ತಗದಿಡಬಹುದು, ತಳಗ ಪಾತ್ರಿ, ನೀರಿನ ಕ್ಯಾನ್. ಈಕೋದಾಗ ಇಂಜಿನ್ ಮುಂದಿನ ಸೀಟಿನ ಬುಡಕ ಐತಿ, ಬೆಳಗಾವಿ-ಗೋವಾ ನಡುವಿನ ಚೋರ್ಲಾ ಘಾಟ್ ಹತ್ತಿ ಬಂದ ಕೂಡ್ಲೇ ಮಲಗ್ತೀನಿ ಅಂದ್ರ ಒಲಿ ಮ್ಯಾಲ ಮಲಗಿದಂಗ. ಒಂದ್ ತಾಸು ಬಾಗಲಾ ತಗದು ಬಿಡ್ರಿ, ಅಷ್ಟೊತ್ತಿಗೆ ಚಾ ಕುಡದು ಬರ್ರಿ.

ಕರೆಂಟಿನ ಲೆಕ್ಕ ಸರಳ ಐತಿ, ಆದ್ರ ಜನ ಇದರಾಗನ ಹೆಚ್ಚ ರೊಕ್ಕ ಹಾಳ ಮಾಡ್ಕೋತಾರ. 12 ವೋಲ್ಟ್ 100 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದ್ರ 1200 ವ್ಯಾಟ್ ಅವರ್, ಲೆಡ್ ಆಸಿಡ್ ಇದ್ರ ಅದರಾಗ ಅರ್ಧ, ಅಂದ್ರ 600 ಅಷ್ಟ ಬಳಸ್ಬೇಕು, ಇಲ್ಲಾಂದ್ರ ಬ್ಯಾಟರಿ ಬೇಗ ಸಾಯ್ತೈತಿ. 25 ವ್ಯಾಟಿನ ಫ್ಯಾನ್ ಹತ್ತ ತಾಸು 250, ಲ್ಯಾಪ್‌ಟಾಪ್ ನಾಕ್ ತಾಸು 240, ಮುಗೀತು. ಫ್ರಿಜ್ ಆಸೆ ಬಿಡ್ರಿ. 100 ವ್ಯಾಟಿನ ಸೋಲಾರ್ ಪ್ಯಾನೆಲ್ ಛಲೋ ಬಿಸಲಾಗ ದಿನಕ್ಕ 400ದ ಹತ್ರ ಕೊಡ್ತೈತಿ, ಜುಲೈದಾಗ ಅರ್ಧನೂ ಬರಂಗಿಲ್ಲ, ಹಂಗಾಗಿ ಓಡಸೋವಾಗ ಗಾಡಿಯಿಂದನ ಚಾರ್ಜ್ ಆಗೋ ಡಿಸಿ ಚಾರ್ಜರ್ ಹಾಕ್ಸೋದ ಶಾಣ್ಯಾತನ.

ಗ್ಯಾಸಿಗೆ 5 ಕೆಜಿ ಸಣ್ಣ ಸಿಲಿಂಡರ್ ಸಾಕು, ಗುರುತಿನ ಚೀಟಿ ತೋರಿಸಿದ್ರ ಸಿಗ್ತೈತಿ, ಅಡ್ರೆಸ್ ಪ್ರೂಫ್ ಕೇಳಂಗಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರ ನೆಲದಾಗ ಕುಂದರ್ತೈತಿ, ಹಂಗಾಗಿ ಮ್ಯಾಲಿನ ಕಿಟಕಿ ತಗದ್ರ ಸಾಲಂಗಿಲ್ಲ, ಬಾಗಲಾನ ತಗೀಬೇಕು. ಬಾಗಲಾ ಹಾಕ್ಕೊಂಡ್ ಅಡಗಿ ಅಂತೂ ಬ್ಯಾಡೇ ಬ್ಯಾಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ. ಗೋವಾದಾಗ ಬೀಚಿನ ಮ್ಯಾಲ, ಟೂರಿಸ್ಟ್ ಜಾಗದಾಗ ಬಯಲಾಗ ಅಡಗಿ ಮಾಡಿದ್ರ ದಂಡ ಐತಿ, ಬೀಚಿನ ಮ್ಯಾಲ ಗಾಡಿ ಇಳಿಸಿದ್ರೂ ಐತಿ. ಅಗೋಂದಾ, ಗಾಲ್ಜಿಬಾಗ್ ಕಡೆ ಆಮೆ ಮೊಟ್ಟಿ ಇಡ್ತಾವು, ಅಲ್ಲಿ ರಾತ್ರಿ ಹೆಡ್‌ಲೈಟ್ ಹಚ್ಚಬ್ಯಾಡ್ರಿ.

ಮಲಗೋದಕ್ಕ ನನ್ನ ರೀತಿ ಇದು: ಕತ್ತಲಾಗೂ ಮುಂಚೆ ಯಾವ್ದರ ಸಣ್ಣ ಹೋಂಸ್ಟೇಕ್ಕ ಹೋಗಿ, ರೂಮ್ ಬ್ಯಾಡ, ಅಂಗಳಾ ಮತ್ತ ಬಾತ್‌ರೂಮ್ ಕೊಡ್ರಿ ಅಂತ ಕೇಳೋದು. ಸೀಸನ್ ಇಲ್ಲದಾಗ ಮುನ್ನೂರಕ್ಕೂ ಒಪ್ಯಾರ. ಕೊಂಕಣಿ ಬರದಿದ್ರೂ ನಡೀತೈತಿ, ವಾಸ್ಕೋ ಕಡೆ ಅಂತೂ ಬಿಜಾಪುರ, ಬಾಗಲಕೋಟಿ ಮಂದಿ ಎಷ್ಟ ಅದಾರಂದ್ರ ಪಂಕ್ಚರ್ ಅಂಗಡ್ಯಾಗ ಕನ್ನಡದಾಗನ ಚೌಕಾಶಿ ಮಾಡಬಹುದು. ಹೈವೇದಾಗ ಪೆಟ್ರೋಲ್ ಬಂಕ್ ಛಲೋ, ಟ್ಯಾಂಕ್ ತುಂಬ್ಸಿ ಆಮ್ಯಾಲ ಕೇಳ್ರಿ. ಪುಣೆದಾಗ ಮುಂಜಾನೆ ಯಾವ್ದರ ಶೆಟ್ಟರ ಹೋಟೆಲ್ಲಿಗೆ ಹೋದ್ರ ಇಡ್ಲಿ, ಟಾಯ್ಲೆಟ್, ಫೋನ್ ಚಾರ್ಜಿಂಗ್ ಮೂರೂ ಒಂದ ಬಿಲ್ಲಿನ್ಯಾಗ. ಮುಂಬೈಗೆ ವ್ಯಾನ್ ಒಯ್ಯಬ್ಯಾಡ್ರಿ, ಪನ್ವೇಲ್‌ದಾಗ ಪಾರ್ಕ್ ಮಾಡಿ ಹಾರ್ಬರ್ ಲೈನ್ ಲೋಕಲ್ ಟ್ರೇನ್ ಹಿಡದು ಮುಂಬೈದ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗಿ ಕೆಲಸ ಮುಗಿಸ್ಕೊಂಡ್ ಬರ್ರಿ.

ಮತ್ತ ಕೆಎ ನಂಬರಿನ ಗಾಡಿ ಬೇರೆ ರಾಜ್ಯದಾಗ 12 ತಿಂಗಳಿಗಿಂತ ಹೆಚ್ಚ ಇಟ್ರ ಅಲ್ಲಿನ ನಂಬರ್ ಮಾಡಿಸ್ಬೇಕಾಗ್ತೈತಿ. ನಾನಂತೂ ಮೂರ್ ತಿಂಗಳಿಗೊಮ್ಮೆ ಬೆಳಗಾವಿಗೆ ಬರ್ತಿದ್ದೆ, ಫಾಸ್ಟ್ಯಾಗಿನ್ಯಾಗ ಟೋಲ್ ಎಂಟ್ರಿ ಇರ್ತೈತಿ, ಪೊಲೀಸ್ರು ಕೇಳಿದ್ರ ಮೊಬೈಲ್ ತಗದು ತೋರ್ಸೋದು. ಅವ್ವನ ಕೈಯಾಗ ಅರಿವಿನೂ ಒಗಸ್ಕೊಂಡ್ ಬರ್ತಿದ್ದೆ, ಅದನ್ನ ಮಾತ್ರ ಪೊಲೀಸ್ರಿಗೆ ಹೇಳ್ತಿರ್ಲಿಲ್ಲ.