ಮಿಷನ್ ನಡುವೆ ಮನೆಯಲ್ಲಿ ಕಳೆದ ನಾಲ್ಕು ತಿಂಗಳು

ಮಿಷನರಿ ಸೇವೆಗೆ ಹೋದ ಹುಡುಗ ಎರಡು ವರ್ಷ ಮುಗಿಸಿಕೊಂಡು ಮನೆಗೆ ಬರ್ತಾನೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಾನು ಒಂಬತ್ತೇ ತಿಂಗಳಿಗೆ ಬಂದೆ. ಹೈದರಾಬಾದ್ ಬಸ್ಸು ಬೀದರ್ ತಲುಪಿದಾಗ ರಾತ್ರಿ ಹತ್ತಾಗಿತ್ತು. ಕಣ್ಣು ಅರಿಶಿನದಲ್ಲಿ ಅದ್ದಿದ ಹಾಗಿತ್ತು, ಮೆಟ್ಟಿಲು ಇಳಿಯುವುದಕ್ಕೂ ಕಾಲಲ್ಲಿ ಶಕ್ತಿ ಇರಲಿಲ್ಲ. ಅಪ್ಪ ಬ್ಯಾಗ್ ತಗೊಂಡರು. ಏನೂ ಕೇಳಲಿಲ್ಲ. ಆಟೋದಲ್ಲಿ ಕೂತ ಮೇಲೆ ಒಮ್ಮೆ ನನ್ನ ಅಂಗಿಯ ಜೇಬಿನ ಕಡೆ ನೋಡಿದರು. ಅಲ್ಲಿ ಇರಬೇಕಿದ್ದ ಕಪ್ಪು ಹೆಸರಿನ ಬಿಲ್ಲೆ ಇರಲಿಲ್ಲ. ಸೇವೆಯಿಂದ ಬಿಡುಗಡೆ ಆದ ಮೇಲೆ ಅದನ್ನು ಹಾಕಿಕೊಳ್ಳುವ ಹಾಗಿಲ್ಲ.

ನಮ್ಮ ಸಭೆಯನ್ನು ಜನ ಮಾರ್ಮನ್ ಅಂತ ಕರೆಯುತ್ತಾರೆ. ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಈ ಪೂರ್ತಿ ಹೆಸರನ್ನೇ ಬಳಸಿ ಅಂತ 2018ರಿಂದ ಸಭೆಯ ಹಿರಿಯರು ಒತ್ತಿ ಹೇಳುತ್ತಾ ಬಂದಿದ್ದಾರೆ. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ ಸಭೆ ಇದು. ನಮ್ಮ ಮನೆಯವರು ಮೆಥೊಡಿಸ್ಟರು, ಮುತ್ಯಾನ ಕಾಲದಿಂದಲೂ. ನಾನು ಕೆಲಸಕ್ಕೆ ಅಂತ ಹೈದರಾಬಾದಿಗೆ ಹೋದವನು, ಅಲ್ಲಿ ಜೊತೆಗಿದ್ದ ಗೆಳೆಯನೊಬ್ಬನಿಂದ ಈ ಸಭೆಯ ಪರಿಚಯವಾಗಿ, ಇಪ್ಪತ್ತನೇ ವಯಸ್ಸಿಗೆ ದೀಕ್ಷಾಸ್ನಾನ ತಗೊಂಡೆ. ಅಪ್ಪನಿಗೆ ಆಗ ಆದ ನೋವು ನನಗೆ ಗೊತ್ತು. "ಇದ್ದ ಚರ್ಚಿಗೆ ಏನಾಗಿತ್ತಪಾ?" ಅಂತ ಒಂದೇ ಮಾತು ಕೇಳಿದ್ದರು. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಆ ಚರ್ಚಿಗೆ ಏನೂ ಆಗಿರಲಿಲ್ಲ. ನನಗೆ ಇಲ್ಲಿ ಏನೋ ಸಿಕ್ಕಿತ್ತು, ಅಷ್ಟೇ.

ಮಿಷನರಿ ಜೀವನ ಹೇಗಿರುತ್ತೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಏನು ಕಳೆದುಕೊಂಡೆ ಅನ್ನುವುದು ಅರ್ಥವಾಗಲ್ಲ. ಗಂಡು ಹುಡುಗರಿಗೆ ಸೇವೆ 24 ತಿಂಗಳು. ಸಂಬಳ ಇಲ್ಲ, ಖರ್ಚಿಗೆ ನಮ್ಮ ಉಳಿತಾಯ, ಸಭೆಯವರ ನೆರವು. ಎಲ್ಲಿಗೆ ಹೋಗಬೇಕು ಅಂತ ನಾವು ಆರಿಸಿಕೊಳ್ಳುವ ಹಾಗಿಲ್ಲ, ಪತ್ರ ಬಂದ ಕಡೆ ಹೋಗಬೇಕು. ನನಗೆ ಬಂದಿದ್ದು ಬೆಂಗಳೂರು ಮಿಷನ್, ಅಂದರೆ ಹಲವು ಊರು ಸೇರಿದ ಒಂದು ಸೇವಾ ವಲಯ, 1993ರಲ್ಲಿ ಶುರುವಾದದ್ದು. ಅದರಲ್ಲಿ ನನ್ನನ್ನು ರಾಜಮಹೇಂದ್ರಿಗೆ ಹಾಕಿದರು. ಬೀದರಿನ ಹುಡುಗನಿಗೆ ತೆಲುಗು ಕಷ್ಟವಲ್ಲ, ಗಡಿಯಲ್ಲೇ ಬೆಳೆದವರು ನಾವು. ಬೆಳಿಗ್ಗೆ ಆರೂವರೆಗೆ ಏಳಬೇಕು. ಪ್ರಾರ್ಥನೆ, ವ್ಯಾಯಾಮ, ಓದು. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಂತೆ ಮಾಡಲು, ಮನೆಗೆ ಫೋನ್ ಮಾಡಲು. 2019ಕ್ಕೆ ಮೊದಲು ಮನೆಗೆ ಫೋನ್ ಅಂದರೆ ವರ್ಷಕ್ಕೆ ಎರಡೇ ಸಲ ಇತ್ತಂತೆ. ಎಲ್ಲಕ್ಕಿಂತ ದೊಡ್ಡ ನಿಯಮ, ಒಬ್ಬನೇ ಇರುವ ಹಾಗಿಲ್ಲ. ಯಾವಾಗಲೂ ಜೊತೆಗಾರ ಇರಬೇಕು. ಒಂದೇ ರೂಮು, ಒಂದೇ ಅಡುಗೆ, ಒಂದೇ ದಾರಿ. ಅವನಿಗೆ ಸಿಟ್ಟು ಬಂದರೂ ನನ್ನ ಪಕ್ಕದಲ್ಲೇ ನಡೆಯಬೇಕು, ನನಗೆ ಬಂದರೂ ಅಷ್ಟೇ.

ಕರೆದವರ ಮನೆಗೆ ಮಾತ್ರ ಹೋಗುತ್ತಿದ್ದೆವು. ಹೋದ ಮನೆಯಲ್ಲೆಲ್ಲಾ ಮೊದಲು ಬರುವುದು ಚಹಾ. ನಮ್ಮಲ್ಲಿ ಚಹಾ, ಕಾಫಿ, ಹೆಂಡ, ತಂಬಾಕು ಇಲ್ಲ. 1833ರಲ್ಲಿ ಬಂದ ದೇವರ ಮಾತು ಅಂತ ನಾವು ಅದನ್ನು ಪಾಲಿಸುತ್ತೇವೆ. ನಿಯಮ ಪಾಲಿಸುವುದು ಸುಲಭ, ಮನೆಯವರ ಮುಖ ನೋಡುವುದು ಕಷ್ಟ. ಮೊದಲ ತಿಂಗಳು ನಾನು "ಬೇಡ" ಅಂದಾಗಲೆಲ್ಲ ಮಾತು ಅಲ್ಲೇ ತಣ್ಣಗಾಗುತ್ತಿತ್ತು. ಆಮೇಲೆ ನಮ್ಮೂರಿನ ಪದ್ಧತಿ ನೆನಪಾಯಿತು. ಆಯಿ ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಿದ್ದಳು. ಅಲ್ಲಿಂದ ಮುಂದೆ ಒಳಗೆ ಕಾಲಿಡುವಾಗಲೇ ನಾನೇ ಕೇಳುತ್ತಿದ್ದೆ: "ಅಮ್ಮಾ, ಒಂದು ಗ್ಲಾಸ್ ನೀರು, ಬೆಲ್ಲ ಇದ್ದರೆ ಒಂದು ಚೂರು." ಬೇಡ ಅನ್ನುವುದಕ್ಕಿಂತ ಕೇಳುವುದು ಒಳ್ಳೆಯದು. ಕೊಡುವವರ ಕೈಗೆ ಕೊಡಲು ಏನಾದರೂ ಬೇಕು, ಅಲ್ವಾ?

ಎಂಟನೇ ತಿಂಗಳಿಗೆ ಜ್ವರ, ವಾಂತಿ. ರಕ್ತ ಪರೀಕ್ಷೆಯಲ್ಲಿ ಕಾಮಾಲೆ ಅಂತ ಬಂತು. ನಮ್ಮ ಕಡೆ ಕಾಮಣಿ ಅಂತಾರೆ. ಎರಡು ವಾರ ಅಲ್ಲೇ ನೋಡಿದರು, ಇಳಿಯಲಿಲ್ಲ. ಮನೆಗೆ ಹೋಗಿ ಪೂರ್ತಿ ವಾಸಿಯಾಗು, ಡಾಕ್ಟರ್ ಸರಿ ಅಂದರೆ ಮತ್ತೆ ಬಾ, ಅಂದರು ಮಿಷನ್ ಪ್ರೆಸಿಡೆಂಟ್. ಪ್ರೀತಿಯಿಂದಲೇ ಹೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಮಾತ್ರ "ಮನೆಗೆ ಹೋಗು" ಅನ್ನುವಷ್ಟೇ.

ಮೊದಲ ಮೂರು ವಾರ ನಾನು ಏನೂ ಮಾಡಲಿಲ್ಲ. ಅವ್ವ ಎಣ್ಣೆ ಹಾಕದ ಬೇಳೆಯಲ್ಲಿ ಮೆತ್ತಗಿನ ಅನ್ನ ಕಲಸಿ ಕೊಡುತ್ತಿದ್ದಳು. ತಿನ್ನುತ್ತಿದ್ದೆ, ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಪ್ರಾರ್ಥನೆ ಬಿಟ್ಟೆ. ಬಿಡಬೇಕು ಅಂತ ಬಿಟ್ಟಿದ್ದಲ್ಲ, ಬಾಯಿಗೆ ಮಾತು ಬರಲಿಲ್ಲ. ದೇವರ ಕೆಲಸಕ್ಕೆ ಹೋದವನನ್ನು ದೇವರೇ ಯಾಕೆ ವಾಪಸ್ ಕಳಿಸಿದ? ಒಂಬತ್ತು ತಿಂಗಳಲ್ಲಿ ನನ್ನಿಂದ ಏನಾಯಿತು? ವಾರ ವಾರ ಬರೆದು ಕೊಟ್ಟ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು. ಇಷ್ಟು ಪಾಠ, ಇಷ್ಟು ಜನ ಆರಾಧನೆಗೆ ಬಂದರು, ಇಷ್ಟು ಜನ ಬರಲಿಲ್ಲ. ನೋಡಲು ಬಂದವರು ಹೊರಗಿನ ಕಟ್ಟೆಯಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದರು. "ಕಾಮಣಿ ಅಂತಾರ, ಆದ್ರ ಅಲ್ಲಿ ತಾಳದೆ ಬಂದಾನ ಕಾಣ್ತದ." ಕಿಟಕಿ ತೆರೆದೇ ಇತ್ತು.

ನಾಲ್ಕನೇ ವಾರದ ಒಂದು ಬೆಳಿಗ್ಗೆ. ಡಿಸೆಂಬರಿನ ಬೀದರ್ ಚಳಿ ಗೊತ್ತಿದ್ದವರಿಗೆ ಗೊತ್ತು, ನೆಲಕ್ಕೆ ಕಾಲಿಟ್ಟರೆ ಕಾಲು ಮರಗಟ್ಟುತ್ತೆ. ಯಾರೋ ಹೊದಿಕೆ ಎಳೆದರು. ಅಪ್ಪ. ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಬೈಬಲ್ ಹಿಡಿದು ನಿಂತಿದ್ದರು.

"ಏಳಪಾ. ಆರೂವರೆ ಆಗ್ಯಾದ."

"ಎದಕ್ಕಪ್ಪಾ?"

"ಅಲ್ಲಿ ಇದೇ ಟೈಮಿಗೆ ಏಳ್ತಿದ್ದಿ ಅಂತ ಫೋನಿನಾಗ ಹೇಳಿದ್ದಿ. ಒಬ್ಬನೇ ಇರಬಾರದು ಅಂತನೂ ಹೇಳಿದ್ದಿ. ನಾ ಕೂಡ್ತೀನಿ."

ನನ್ನ ದಾರಿಯನ್ನು ಒಪ್ಪದ ಮನುಷ್ಯ ಅವರು. ಇವತ್ತಿಗೂ ಒಪ್ಪಿಲ್ಲ. ಅವತ್ತು ನನ್ನ ಮಂಚದ ಪಕ್ಕ ಚಾಪೆ ಹಾಸಿ ಕೂತರು. ನಮ್ಮ ನಡುವೆ ಒಂದು ಕರಾರು ಆಯಿತು. ಬೈಬಲ್ ಜೊತೆಗೆ ನಮ್ಮ ಸಭೆ ಪವಿತ್ರ ಅಂತ ನಂಬುವ ಮಾರ್ಮನ್ ಗ್ರಂಥವನ್ನು ನಾನು ನನ್ನ ಪಾಡಿಗೆ ಆಮೇಲೆ ಓದಿಕೊಳ್ಳಬೇಕು. ಇಬ್ಬರೂ ಸೇರಿ ಓದುವುದು ಇಬ್ಬರಿಗೂ ಸೇರಿದ್ದನ್ನು, ಕನ್ನಡ ಬೈಬಲನ್ನು. ಅವರು ಆಗ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದ್ದರು. ಗುರುತಿಗೆ ಹಳೆ ಬಸ್ ಟಿಕೆಟ್ ಇಟ್ಟಿದ್ದರು. ಅಲ್ಲಿಂದಲೇ ಶುರು ಮಾಡಿದೆವು. ದಿನಕ್ಕೆ ನಾಲ್ಕೈದು ವಚನ, ಅದಕ್ಕಿಂತ ಜಾಸ್ತಿ ಇಲ್ಲ. ಅವರು ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಕೊನೆಗೆ ಇಬ್ಬರಲ್ಲಿ ಒಬ್ಬರು ಪ್ರಾರ್ಥನೆ. ಮೊದಲ ವಾರವೆಲ್ಲ ಅವರೇ ಮಾಡಿದರು. ನನ್ನ ಪಾಲಿಗೆ "ಆಮೆನ್" ಅಷ್ಟೇ.

ಹನ್ನೊಂದನೇ ಅಧ್ಯಾಯಕ್ಕೆ ಬಂದಾಗ ನಾನು ಎದ್ದು ಕೂತೆ. ನಂಬಿಕೆಯಿಂದ ಬಾಳಿದವರ ಹೆಸರುಗಳೆಲ್ಲ ಅಲ್ಲಿವೆ. ಹೇಬೇಲ, ನೋಹ, ಅಬ್ರಹಾಮ, ಸಾರ. ಎಷ್ಟೋ ಸಲ ಓದಿದ್ದು, ಬೇರೆಯವರಿಗೆ ಓದಿ ಹೇಳಿದ್ದೂ ಹೌದು. ಆದರೆ ನಡುವೆ ಒಂದು ಮಾತಿದೆ. ಇವರೆಲ್ಲ ದೇವರು ಕೊಟ್ಟ ಮಾತು ಕೈಗೂಡುವ ಮೊದಲೇ, ದೂರದಿಂದ ಅದನ್ನು ನೋಡುತ್ತಲೇ ತೀರಿಹೋದರು ಅಂತ. ಅಪ್ಪ ಅಲ್ಲಿ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಇವರ್ಯಾರೂ ಲೆಕ್ಕ ಕೊಟ್ಟು ಹೋಗಿಲ್ಲ ನೋಡು." ನನ್ನ ತಲೆಯಲ್ಲಿ ತಿರುಗುತ್ತಿದ್ದ ಲೆಕ್ಕದ ಬಗ್ಗೆ ನಾನು ಅವರಿಗೆ ಹೇಳಿರಲೇ ಇಲ್ಲ. ಅವತ್ತು ಪ್ರಾರ್ಥನೆ ನಾನು ಮಾಡಿದೆ. ಎರಡೇ ಮಾತು.

ಅದೇ ದಿನ ಒಂದು ಹಳೆ ನೋಟ್‌ಬುಕ್ ತೆಗೆದೆ. ಲೆಕ್ಕದ ಬದಲು ಹೆಸರು ಬರೆದೆ. ರಾಜಮಹೇಂದ್ರಿಯಲ್ಲಿ ಬೆಲ್ಲ ಕೊಟ್ಟ ಅಮ್ಮ, ಕುಡಿತ ಬಿಡಬೇಕು ಅಂತ ಒದ್ದಾಡುತ್ತಿದ್ದ ಆಟೋ ಅಣ್ಣ, ಪಾಠ ಕೇಳಿ ಕೊನೆಗೆ ಬೇಡ ಅಂದ ಕಾಲೇಜು ಹುಡುಗ. ದಿನಕ್ಕೊಂದು ಹೆಸರು ತಗೊಂಡು, ಅವರ ಮುಖ ನೆನಪು ಮಾಡಿಕೊಂಡು ಪ್ರಾರ್ಥನೆ ಮಾಡುತ್ತಿದ್ದೆ. ಹೆಸರುಗಳು ನಲವತ್ತೊಂದು ಆದವು. ಆ ಒಂಬತ್ತು ತಿಂಗಳು ಖಾಲಿ ಹೋಗಿರಲಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ಹೀಗೆ. ಸೇವೆಯಲ್ಲಿರುವ ಯಾರಾದರೂ ಕೇಳಿದರೆ ಇವತ್ತಿಗೂ ನಾನು ಮೊದಲು ಹೇಳುವುದು ಇದನ್ನೇ. ವರದಿ ಕೊಡಿ, ಕೊಡಲೇಬೇಕು. ಆದರೆ ಮಲಗುವ ಮುಂಚೆ ಒಂದು ಹೆಸರು ಬರೆದಿಡಿ.

ಅಪ್ಪ ಕೆಲಸಕ್ಕೆ ಹೋದ ಮೇಲೆ ನನ್ನ ಓದು. ಮಾರ್ಮನ್ ಗ್ರಂಥದಲ್ಲಿ ಆಲ್ಮಾ ಎಂಬ ಭಾಗದ 32ನೇ ಅಧ್ಯಾಯಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದೆ. ಬಡವರು ಅಂತ ಪ್ರಾರ್ಥನಾ ಮಂದಿರದಿಂದ ಹೊರಗೆ ಹಾಕಿಸಿಕೊಂಡ ಜನ, ಇನ್ನು ನಾವು ಎಲ್ಲಿ ಆರಾಧನೆ ಮಾಡೋಣ ಅಂತ ಕೇಳುತ್ತಾರೆ. ಪ್ರವಾದಿ ಆಲ್ಮಾ ಆ ಜನಕ್ಕೆ ದೊಡ್ಡ ನಂಬಿಕೆ ತನ್ನಿ ಅನ್ನಲ್ಲ. ನಂಬಬೇಕು ಅನ್ನುವ ಆಸೆಯಷ್ಟಾದರೂ ಇದ್ದರೆ ಅದರಿಂದಲೇ ಶುರು ಮಾಡಿ, ಬೀಜ ಊರಿದ ಹಾಗೆ ಊರಿ ನೋಡಿ ಅನ್ನುತ್ತಾನೆ. ಆಗ ನನ್ನ ಹತ್ತಿರ ಇದ್ದದ್ದೂ ಅಷ್ಟೇ. ಅದಕ್ಕೆ ಓದನ್ನು ಚಿಕ್ಕದು ಮಾಡಿಕೊಂಡೆ. ಸೇವೆಯಲ್ಲಿ ಓದುತ್ತಿದ್ದಷ್ಟು ಹೊತ್ತು ಕೂರಲು ಮೈ ಬಿಡುತ್ತಿರಲಿಲ್ಲ. ಇಪ್ಪತ್ತು ನಿಮಿಷ ಓದು, ಹತ್ತು ನಿಮಿಷ ಬರೆಯುವುದು. ಆದರೆ ಒಂದು ದಿನವೂ ಬಿಡಲಿಲ್ಲ. ಎಳ್ಳಮಾವಾಸ್ಯೆ ದಿನ ಓಣಿಗೆ ಓಣಿಯೇ ಹೊಲಕ್ಕೆ ಹೋಗಿತ್ತು, ಪಕ್ಕದ ಮನೆಯವರು ಭಜ್ಜಿ, ರೊಟ್ಟಿ ತಂದು ಕೊಟ್ಟು ಹೋಗಿದ್ದರು. ಅವತ್ತೂ ಬಿಡಲಿಲ್ಲ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಉಪವಾಸ. ಎರಡು ಊಟ ಬಿಟ್ಟು, ಅದರ ದುಡ್ಡನ್ನು ಬಡವರಿಗೆ ಅಂತ ಕೊಡುತ್ತೇವೆ. ಜನವರಿಯಲ್ಲಿ ನಾನು ಹಟ ಹಿಡಿದೆ. ಅವ್ವ ತಾಟು ತಂದು ಮುಂದೆ ಇಟ್ಟಳು. "ಲಿವರ್ ಕೆಟ್ಟವ ಉಪವಾಸ ಮಾಡಿದ್ರ ದೇವರು ಮೆಚ್ಚಲ್ಲ. ನಿನ್ನ ಪಾಲಿನ ಉಪವಾಸ ನಾ ಮಾಡ್ತೀನಿ, ನೀ ಉಣ್ಣು." ಮಾಡಿಯೇಬಿಟ್ಟಳು. ಸಂಜೆವರೆಗೆ ನೀರೂ ಕುಡಿಯಲಿಲ್ಲ. ಎರಡು ಊಟದ ದುಡ್ಡು ಅಂತ ನೂರು ರೂಪಾಯಿ ಮಡಚಿ ನನ್ನ ಕೈಗೆ ಕೊಟ್ಟಳು. ಮುಂದಿನ ತಿಂಗಳು ಹೈದರಾಬಾದಿಗೆ ಆರಾಧನೆಗೆ ಹೋದಾಗ ಆ ನೋಟನ್ನು ಹಾಗೇ ಲಕೋಟೆಯಲ್ಲಿ ಹಾಕಿದೆ. ಭಾರತದಲ್ಲಿ ನಮ್ಮ ಸಭೆಯ ಮೊದಲ ಸ್ಟೇಕ್, ಅಂದರೆ ಹಲವು ಸ್ಥಳೀಯ ಸಭೆಗಳು ಸೇರಿದ ಘಟಕ, 2012ರಲ್ಲಿ ಆಗಿದ್ದು ಆ ಊರಲ್ಲೇ. ನನಗೆ ಗೊತ್ತಿರುವವರೆಲ್ಲ ಅಲ್ಲಿದ್ದರು. ಇಷ್ಟು ಬೇಗ ಯಾಕೆ ಬಂದೆ ಅಂತ ಒಬ್ಬರೂ ಕೇಳಲಿಲ್ಲ. ಯಾವಾಗ ಹೋಗ್ತೀಯ ಅಂತ ಕೇಳಿದರು.

ಆ ಹೊತ್ತಿಗೆ ಮೈಗೆ ಸ್ವಲ್ಪ ಶಕ್ತಿ ಬಂದಿತ್ತು. ಸಂಜೆ ಕೋಟೆ ಕಡೆ ನಿಧಾನಕ್ಕೆ ನಡೆದು ಬರುತ್ತಿದ್ದೆ. ದಾರಿಯಲ್ಲಿ ಬಿದ್ರಿ ಕೆಲಸದ ಕಾಕಾ ಒಬ್ಬರು ಕರೆದು ಕೂರಿಸಿಕೊಳ್ಳುತ್ತಿದ್ದರು. ಮೊದಲ ದಿನ ಛಾ ತರಿಸಿದರು. ಬೆಲ್ಲ ಕೇಳಿದೆ. ಮರುದಿನದಿಂದ ಅವರ ಪೆಟ್ಟಿಗೆಯಲ್ಲಿ ಉಳಿ, ಬೆಳ್ಳಿ ತಂತಿಗಳ ಪಕ್ಕ ಒಂದು ಕಾಗದದ ಪೊಟ್ಟಣ ನನಗಾಗಿಯೇ ಇರುತ್ತಿತ್ತು.

ಫೆಬ್ರವರಿ ಹೊತ್ತಿಗೆ ಅಪ್ಪ ಮತ್ತು ನಾನು ಯಾಕೋಬನ ಪತ್ರಿಕೆಗೆ ಬಂದಿದ್ದೆವು. ಮೊದಲ ಅಧ್ಯಾಯದ ಐದನೇ ವಚನ, ಜ್ಞಾನ ಬೇಕಾದವನು ದೇವರನ್ನು ಕೇಳಲಿ ಅನ್ನುವುದು. ಹದಿನಾಲ್ಕು ವರ್ಷದ ಜೋಸೆಫ್ ಸ್ಮಿತ್ ಓದಿ, ಪ್ರಾರ್ಥನೆಗೆ ಕಾಡಿನೊಳಗೆ ಹೋಗಿದ್ದು ಇದೇ ವಚನದಿಂದ. ನಮ್ಮ ಸಭೆಯ ಕಥೆ ಶುರುವಾಗುವುದೇ ಅಲ್ಲಿ. ಅಪ್ಪನಿಗೆ ಅದನ್ನು ಹೇಳಿದೆ. ಅವರು ವಾದಕ್ಕೆ ಬರಲಿಲ್ಲ. ಬೆರಳನ್ನು ಎರಡು ವಚನ ಮೇಲಕ್ಕೆ ಸರಿಸಿ ತೋರಿಸಿದರು. ನಂಬಿಕೆಗೆ ಪರೀಕ್ಷೆ ಬಂದಾಗ ಅದರಿಂದ ತಾಳ್ಮೆ ಹುಟ್ಟುತ್ತೆ ಅಂತ ಅಲ್ಲಿದೆ. ನಾನು ಇಂಗ್ಲಿಷಿನಲ್ಲಿ, ತೆಲುಗಿನಲ್ಲಿ ಅದನ್ನು ಎಷ್ಟೋ ಮನೆಗಳಲ್ಲಿ ಓದಿದ್ದೆ. ತಾಳ್ಮೆ ಅನ್ನುವ ಪದವನ್ನು ಅಪ್ಪನ ಬಾಯಲ್ಲಿ ಕೇಳಿದಾಗ ಕಟ್ಟೆಯ ಮೇಲೆ ಆಡಿದ ಮಾತು ನೆನಪಾಯಿತು, ತಾಳದೆ ಬಂದಾನ ಅಂದಿದ್ದು. ಈ ಸಲ ಅದು ಚುಚ್ಚಲಿಲ್ಲ.

ಮಾರ್ಚಿನಲ್ಲಿ ರಕ್ತ ಪರೀಕ್ಷೆ ಸರಿ ಬಂತು. ಡಾಕ್ಟರ್ ಚೀಟಿ ಕೊಟ್ಟರು. ಅರ್ಜಿ, ಸಂದರ್ಶನ ಎಲ್ಲ ಮುಗಿದು, ಉಳಿದ ಅವಧಿಗೆ ಮತ್ತೆ ಕರೆ ಬಂತು. ಈ ಸಲ ಕೊಯಮತ್ತೂರು. ಅವ್ವ ಅಂಗಿಗಳಿಗೆ ಇಸ್ತ್ರಿ ಹಾಕಿ, ಕಪ್ಪು ಬಿಲ್ಲೆಯನ್ನು ಸೂಜಿ ದಾರದ ಡಬ್ಬಿಯಿಂದ ತೆಗೆದು ಒರೆಸಿ ಕೊಟ್ಟಳು. ಅಪ್ಪ ಬಸ್ ಸ್ಟ್ಯಾಂಡಿನವರೆಗೆ ಬಂದರು. ಸೀಟು ಹಿಡಿದು ಕೊಟ್ಟು, ಬಸ್ಸು ಹೊರಡುವ ಮೊದಲೇ ಹೋಗಿಬಿಟ್ಟರು.

ಮೊದಲ ವಾರದ ಬಿಡುವಿನ ದಿನ ಮನೆಗೆ ಫೋನ್ ಮಾಡಿದೆ. ಊಟ, ಔಷಧ ಎಲ್ಲ ಅವ್ವ ಕೇಳಿದಳು. ಆಮೇಲೆ ಅಪ್ಪ ಫೋನ್ ತಗೊಂಡರು.

"ಬೆಳಿಗ್ಗೆ ಏಳ್ತೀಯೇನು?"

"ಏಳ್ತೀನಪ್ಪಾ. ನೀವು?"

"ಆರೂವರೆಗೇ. ಯಾಕೋಬಂದು ಮುಗೀತು. ನಾಳಿಗಿಂದ ಪೇತ್ರಂದು ಮೊದಲನೇ ಪತ್ರಿಕೆ. ದಿನಕ್ಕ ಐದು ವಚನ. ನೀನೂ ಅಲ್ಲಿಂದನೇ ಓದು."